ವೇಗ ಮತ್ತು ಬಾಳಿಕೆಯ ನಡುವೆ: ಡಬ್ಲ್ಯು. ಓ. ಬೆಂಟ್ಲಿಯವರ ಬದುಕು

ಕಾರು ಕೊಳ್ಳಹೊರಟವರು ಇಂದು ಮೊದಲು ಕೇಳುವ ಪ್ರಶ್ನೆಗಳಲ್ಲಿ ಎಂಜಿನ್ನಿನ ಅಶ್ವಶಕ್ತಿಯೂ ಒಂದು. ಆ ಶಕ್ತಿಯನ್ನು ಹೊತ್ತು ಚಕ್ರಗಳಿಗೆ ಮುಟ್ಟಿಸುವ ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಆಕ್ಸಲ್ ಇವುಗಳ ಯೋಗಕ್ಷೇಮವನ್ನು ವಿಚಾರಿಸುವವರು ವಿರಳ. ಎಂಜಿನ್ನಿನ ತಿರುಚು ಬಲವು ಮೊದಲನೆಯ ಗೇರಿನ ಮೂಲಕ ಹಾದು ಹಿಂದಿನ ಚಕ್ರಗಳನ್ನು ತಲುಪುವಷ್ಟರಲ್ಲಿ ಸಾಮಾನ್ಯವಾಗಿ ಹತ್ತು ಪಟ್ಟಿನ ಆಸುಪಾಸಿಗೆ ಹಿಗ್ಗಿರುತ್ತದೆ. ಆದುದರಿಂದ ಎಂಜಿನ್ನಿಗೆ ಸೇರಿಸುವ ಪ್ರತಿಯೊಂದು ಅಂಶ ಬಲವೂ ಮುಂದಿನ ಹಲ್ಲುಚಕ್ರಗಳ ಮೇಲೆ ಹಲವು ಪಟ್ಟಾಗಿ ಎರಗುತ್ತದೆ. ಈ ಲೆಕ್ಕವನ್ನು ಜೀವನಪೂರ್ತಿ ಮರೆಯದಿದ್ದ, ಮರೆಯದಿದ್ದುದಕ್ಕಾಗಿಯೇ ತಮ್ಮ ಕಂಪನಿಯೊಳಗೆ ಒಂದು ದೊಡ್ಡ ವಾದದಲ್ಲಿ ಸೋತ ಓರ್ವ ತಂತ್ರಜ್ಞರ ಕಥೆ ಇದು. ಅವರೇ ವಾಲ್ಟರ್ ಓವನ್ ಬೆಂಟ್ಲಿ. ಕಾರುಲೋಕಕ್ಕೆ ಅವರು ಕೇವಲ 'ಡಬ್ಲ್ಯು. ಓ.'.

ಬೆಂಟ್ಲಿಯವರು 1888ರ ಸೆಪ್ಟೆಂಬರ್ 16ರಂದು ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನಲ್ಲಿ ಅನುಕೂಲಸ್ಥ ಕುಟುಂಬವೊಂದರ ಒಂಬತ್ತನೆಯ ಹಾಗೂ ಕೊನೆಯ ಮಗುವಾಗಿ ಜನಿಸಿದರು. ಬ್ರಿಸ್ಟಲ್ ನಗರದ ಕ್ಲಿಫ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಬಾಲಕನ ಮನಸ್ಸು ಪುಸ್ತಕಕ್ಕಿಂತ ಹೆಚ್ಚಾಗಿ ರೈಲಿನ ಎಂಜಿನ್ನುಗಳ ಮೇಲೆ ನೆಟ್ಟಿತ್ತು. 1905ರಲ್ಲಿ, ಇನ್ನೂ ಹದಿನಾರರ ಹರೆಯದಲ್ಲಿಯೇ, ಅವರು ಗ್ರೇಟ್ ನಾರ್ದರ್ನ್ ರೈಲ್ವೆಯ ಡಾಂಕಾಸ್ಟರ್ ಕಾರ್ಖಾನೆಗೆ ಶಿಷ್ಯವೃತ್ತಿಗಾಗಿ ಸೇರಿದರು. ಶಿಷ್ಯನೇ ಹಣ ತೆತ್ತು ಕೆಲಸ ಕಲಿಯಬೇಕಾಗಿದ್ದ ಕಾಲವದು. ಎರಕ ಹೊಯ್ಯುವುದು, ಲೋಹ ಕೊರೆಯುವುದು, ಬೆಳಗಿನ ಜಾವದಲ್ಲೆದ್ದು ಬಾಯ್ಲರಿಗೆ ಕಲ್ಲಿದ್ದಲು ತುಂಬುವುದು, ಹೀಗೆ ಐದು ವರ್ಷ. ಒಂದು ಉಗಿಬಂಡಿ ಇಪ್ಪತ್ತು ಮೂವತ್ತು ವರ್ಷ ದುಡಿಯಬೇಕು, ದಾರಿಮಧ್ಯೆ ನಿಂತರೆ ಹಿಂದಿನ ರೈಲುಗಳೆಲ್ಲ ನಿಲ್ಲುತ್ತವೆ ಎಂಬ ಅರಿವು ಅಲ್ಲಿ ಕೆಲಸ ಮಾಡುವವರಿಗೆಲ್ಲ ಇರಲೇಬೇಕು. ಅವರ ಮುಂದಿನ ಕಾರುಗಳನ್ನೆಲ್ಲ ನೋಡುವಾಗ, ಅವುಗಳ ಹಿಂದೆ ಈ ರೈಲ್ವೆಯ ಮನಸ್ಸೇ ಕುಳಿತಿದೆ ಎಂದು ನನಗೆ ಅನ್ನಿಸುತ್ತದೆ.

ರೈಲ್ವೆಯಲ್ಲಿ ಮೇಲೇರುವ ಅವಕಾಶ ಕಡಿಮೆಯೆಂದು ಕಂಡಾಗ ಅವರು ಲಂಡನ್ನಿಗೆ ಮರಳಿ ಬಾಡಿಗೆ ಮೋಟಾರುಗಳ ಕಂಪನಿಯೊಂದರಲ್ಲಿ ದುರಸ್ತಿಯ ಮೇಲ್ವಿಚಾರಣೆ ವಹಿಸಿಕೊಂಡರು. ನಡುವೆ ಮೋಟಾರ್ ಸೈಕಲ್ ಸವಾರಿಯ ಹುಚ್ಚೂ ಹಿಡಿದು 1909 ಮತ್ತು 1910ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಪ್ರಸಿದ್ಧ ಟೂರಿಸ್ಟ್ ಟ್ರೋಫಿ ಸ್ಪರ್ಧೆಗಳಲ್ಲಿ ಭಾಗವಹಿಸಿದ್ದುಂಟು. 1912ರಲ್ಲಿ ಸಹೋದರನ ಜತೆಗೂಡಿ 'ಡಿ.ಎಫ್.ಪಿ.' ಎಂಬ ಫ್ರೆಂಚ್ ಕಾರಿನ ಮಾರಾಟದ ವ್ಯವಹಾರವನ್ನು ಕೈಗೆತ್ತಿಕೊಂಡರು.

ಕಾರು ಮಾರಬೇಕಾದರೆ ಅದು ಸ್ಪರ್ಧೆಗಳಲ್ಲಿ ಓಡಿ ಗೆಲ್ಲಬೇಕು. ಎರಡು ಲೀಟರಿನ ಆ ಸಾಧಾರಣ ಎಂಜಿನ್ನಿನಿಂದ ಹೆಚ್ಚಿನ ವೇಗ ಹೊರಡಿಸಲು ಹೋದರೆ ಎರಕದ ಕಬ್ಬಿಣದ ಪಿಸ್ಟನ್ನುಗಳು ಬಿಸಿಯೇರಿ ಕೈಕೊಡುತ್ತಿದ್ದವು. 1913ರಲ್ಲಿ ಪ್ಯಾರಿಸ್ ಬಳಿಯ ಕೂರ್ಬ್‌ವಾ ಎಂಬಲ್ಲಿದ್ದ ಡಿ.ಎಫ್.ಪಿ. ಕಾರ್ಖಾನೆಗೆ ಭೇಟಿ ನೀಡಿದ್ದಾಗ, ಮೇಜಿನ ಮೇಲೆ ಕಾಗದಗಳು ಹಾರದಂತೆ ಇರಿಸಿದ್ದ ಪುಟ್ಟದೊಂದು ಅಲ್ಯುಮಿನಿಯಂ ಪಿಸ್ಟನ್ ಅವರ ಕಣ್ಣಿಗೆ ಬಿತ್ತು. ಅದೊಂದು ಆಲಂಕಾರಿಕ ವಸ್ತು. ಅದನ್ನು ನಿಜವಾದ ಪಿಸ್ಟನ್ನಾಗಿ ಮಾಡಿದರೇನು ಎಂಬ ಯೋಚನೆ ಅವರಿಗೆ ಹೊಳೆಯಿತು. 88 ಪಾಲು ಅಲ್ಯುಮಿನಿಯಂ, 12 ಪಾಲು ತಾಮ್ರ ಬೆರೆಸಿದ ಮಿಶ್ರಲೋಹದಿಂದ ಪಿಸ್ಟನ್ನುಗಳನ್ನು ಎರಕ ಹೊಯ್ಯಿಸಿದರು. ಭಾರ ಇಳಿಯಿತು, ಶಾಖ ಬೇಗನೆ ಚದುರಿತು, ಎಂಜಿನ್ ಹೆಚ್ಚು ವೇಗವಾಗಿ ತಿರುಗಿಯೂ ಉಳಿಯಿತು. ಗಮನಿಸಬೇಕಾದುದು ಇಷ್ಟು: ಬಲವನ್ನು ಹೆಚ್ಚಿಸುವ ಮೊದಲು ಆ ಬಲ ಎಲ್ಲಿ ಮುರಿಯುತ್ತದೆಂಬುದನ್ನು ಹುಡುಕಿ ಆ ಜಾಗವನ್ನು ಭದ್ರಪಡಿಸುವ ಕ್ರಮ ಇಲ್ಲಿಯೇ ಆರಂಭವಾಯಿತು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಬೆಂಟ್ಲಿಯವರು ಈ ಗುಟ್ಟನ್ನು ತಮ್ಮ ಬಳಿ ಇಟ್ಟುಕೊಳ್ಳದೆ ನೌಕಾದಳದ ವಾಯುವಿಭಾಗಕ್ಕೆ ಒಪ್ಪಿಸಿದರು. ರೋಲ್ಸ್ ರಾಯ್ಸ್, ಸನ್‌ಬೀಮ್ ಮುಂತಾದ ವಿಮಾನ ಎಂಜಿನ್ ತಯಾರಕರಿಗೆ ಅದನ್ನು ವಿವರಿಸುವ ಕೆಲಸ ಅವರದಾಯಿತು. ಆ ಕಾಲದ ಕ್ಲೆರ್ಜೆ ಎಂಬ ರೋಟರಿ ಎಂಜಿನ್ನು ಆಕಾಶದಲ್ಲಿಯೇ ಕಾದು ಹಾಳಾಗುತ್ತಿತ್ತು. ಹಾಗಾದಾಗ ಪ್ರಾಣ ತೆರುತ್ತಿದ್ದವರು ಇಪ್ಪತ್ತರ ಆಸುಪಾಸಿನ ವೈಮಾನಿಕರು. ಕವೆಂಟ್ರಿಯ ಹಂಬರ್ ಕಾರ್ಖಾನೆಯಲ್ಲಿ ಬೆಂಟ್ಲಿಯವರು ಅಲ್ಯುಮಿನಿಯಂ ಸಿಲಿಂಡರಿನೊಳಗೆ ಎರಕದ ಕಬ್ಬಿಣದ ಒಳಗವಚವನ್ನು ಕೂಡಿಸಿ ಬಿ.ಆರ್.1 ಎಂಬ ಎಂಜಿನ್ನನ್ನು ರೂಪಿಸಿದರು. ಸಾಪ್‌ವಿತ್ ಕ್ಯಾಮೆಲ್ ಯುದ್ಧವಿಮಾನಗಳಲ್ಲಿ ಅದು ಒಳ್ಳೆಯ ಹೆಸರು ಗಳಿಸಿತು. ಇದಕ್ಕಾಗಿ ಅವರಿಗೆ ಎಂ.ಬಿ.ಇ. ಗೌರವವೂ, 1920ರಲ್ಲಿ ಸರಕಾರಿ ಆಯೋಗದಿಂದ 8,000 ಪೌಂಡ್ ಬಹುಮಾನವೂ ದೊರೆತವು. ಆ ಹೊತ್ತಿಗೆ ಅವರ ಮೊದಲ ಪತ್ನಿ ಲಿಯೋನಿಯವರು 1919ರ ವಿಷಮ ಇನ್‌ಫ್ಲೂಯೆಂಝಾಕ್ಕೆ ಬಲಿಯಾಗಿದ್ದರು.

ಅದೇ 1919ರ ಜನವರಿಯಲ್ಲಿ ಬೆಂಟ್ಲಿ ಮೋಟರ್ಸ್ ನೋಂದಣಿಯಾಯಿತು. ಲಂಡನ್ನಿನ ಬೇಕರ್ ಸ್ಟ್ರೀಟಿನ ಹತ್ತಿರದ ಓಣಿಯೊಂದರ ಕೊಟ್ಟಿಗೆಯಂತಹ ಜಾಗದಲ್ಲಿ, ಆ ವರ್ಷದ ಅಕ್ಟೋಬರಿನಲ್ಲಿ, ಪ್ರಥಮ ಎಂಜಿನ್ ಗರ್ಜಿಸಿತು. ಮೊದಲ ಕಾರು ಗಿರಾಕಿಯ ಕೈಸೇರಿದ್ದು 1921ರ ಸೆಪ್ಟೆಂಬರಿನಲ್ಲಿ. ಇದುವೇ ಪ್ರಸಿದ್ಧ 'ಮೂರು ಲೀಟರ್' ಬೆಂಟ್ಲಿ: ನಾಲ್ಕು ಸಿಲಿಂಡರು, 80 ಮಿ.ಮೀ. ವ್ಯಾಸ, 149 ಮಿ.ಮೀ. ಹೊಡೆತ, ಪ್ರತಿ ಸಿಲಿಂಡರಿಗೆ ನಾಲ್ಕು ಕವಾಟಗಳು, ಎರಡೆರಡು ಸ್ಪಾರ್ಕ್ ಪ್ಲಗ್ಗುಗಳು, ಅವಕ್ಕೆ ಎರಡು ಪ್ರತ್ಯೇಕ ಮ್ಯಾಗ್ನೆಟೋಗಳು. ಒಂದು ಕೆಟ್ಟರೆ ಇನ್ನೊಂದು ಮನೆ ಮುಟ್ಟಿಸಬೇಕು. ಸಿಲಿಂಡರಿನ ತಲೆಭಾಗವನ್ನು ಪ್ರತ್ಯೇಕವಾಗಿ ಮಾಡದೆ ಒಂದೇ ಎರಕದಲ್ಲಿ ಹೊಯ್ಯಲಾಗಿತ್ತು; ಗ್ಯಾಸ್ಕೆಟ್ಟೇ ಇಲ್ಲದಿದ್ದರೆ ಅದು ಹರಿಯುವ ಪ್ರಶ್ನೆಯೂ ಇಲ್ಲ. ಕವಾಟ ತೇಯಿಸಬೇಕಾದಾಗ ಇಡೀ ಬ್ಲಾಕನ್ನೇ ಎತ್ತಬೇಕಾಗುತ್ತಿತ್ತು, ಮೆಕ್ಯಾನಿಕ್ಕಿನ ಬೆನ್ನು ಮುರಿಯುತ್ತಿತ್ತು ಎಂಬುದು ಬೇರೆ ಮಾತು.

ಇಷ್ಟಕ್ಕೆ ನಿಲ್ಲದೆ ಅವರು ಗಿರಾಕಿಗಳಿಗೆ ಐದು ವರ್ಷಗಳ ಖಾತರಿಯನ್ನು ನೀಡಿದರು. ವೃತ್ತಿಯಿಂದ ಬ್ಯಾಂಕಿನವನಾದ ನನಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ಕುತೂಹಲಕರವಾಗಿ ಕಾಣುವುದು ಈ ಸಂಗತಿ. ಖಾತರಿಯೆಂದರೆ ಲೆಕ್ಕಪುಸ್ತಕದಲ್ಲಿ ಎದ್ದು ಕಾಣದ ಒಂದು ಹೊಣೆ. ಮಾರಿದ ಪ್ರತಿಯೊಂದು ಕಾರಿನ ಗೇರಿನ ಹಲ್ಲು, ಆಕ್ಸಲಿನ ದಂಡ ಐದು ವರ್ಷಗಳ ತನಕ ಕಂಪನಿಯ ಸಾಲವೇ. ಬಂಡವಾಳದ ಕೊರತೆಯಿಂದ ಸದಾ ಏದುಸಿರು ಬಿಡುತ್ತಿದ್ದ ಸಂಸ್ಥೆಯೊಂದು ಅಂತಹ ಮಾತು ಕೊಡಬೇಕಾದರೆ ಅದರ ತಂತ್ರಜ್ಞನಿಗೆ ತನ್ನ ಉಕ್ಕಿನ ಮೇಲೆ ಎಂತಹ ಭರವಸೆ ಇದ್ದಿರಬೇಕು! 1922ರ ಟೂರಿಸ್ಟ್ ಟ್ರೋಫಿಯಲ್ಲಿ ಈ ಕಾರುಗಳು ಎರಡನೆಯ, ನಾಲ್ಕನೆಯ ಮತ್ತು ಐದನೆಯ ಸ್ಥಾನ ಪಡೆದು ತಂಡದ ಬಹುಮಾನ ಗಳಿಸಿದವು. ಬೆಂಟ್ಲಿಯವರೂ ಆ ಚಾಲಕರಲ್ಲಿ ಒಬ್ಬರಾಗಿದ್ದರು.

1923ರಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣದ ಬಳಿ ಇಪ್ಪತ್ತನಾಲ್ಕು ಗಂಟೆಗಳ ಓಟ ಪ್ರಥಮ ಬಾರಿಗೆ ಏರ್ಪಟ್ಟಿತು. ಸುಮಾರು 17 ಕಿ.ಮೀ. ಸುತ್ತಳತೆಯ ಸಾರ್ವಜನಿಕ ರಸ್ತೆ. ಅದೂ ಜಲ್ಲಿಕಲ್ಲು, ಧೂಳು. ಜಾನ್ ಡಫ್ ಎಂಬ ಉತ್ಸಾಹಿ ತನ್ನ ಸ್ವಂತ ಬೆಂಟ್ಲಿಯೊಡನೆ ಹೊರಟಾಗ ಡಬ್ಲ್ಯು. ಓ. ಅವರಿಗೆ ಅದೊಂದು ಮತಿಗೇಡಿ ಸಾಹಸವೆನಿಸಿತ್ತು. ಇಡೀ ರಾತ್ರಿ ಅಷ್ಟು ವೇಗದಲ್ಲಿ ಯಾವ ಕಾರು ತಾನೇ ಉಳಿದೀತು? ಆದರೂ ಮನಸ್ಸು ತಡೆಯದೆ ನೋಡಲು ಹೋದರು. ಕಲ್ಲೊಂದು ಹಾರಿ ಕಾರಿನ ಪೆಟ್ರೋಲ್ ಟ್ಯಾಂಕು ತೂತಾಯಿತು. ಡಫ್ ಮೈಲುಗಟ್ಟಲೆ ಓಡಿ ಬಂದರು, ಜತೆಯ ಚಾಲಕ ಫ್ರ್ಯಾಂಕ್ ಕ್ಲೆಮೆಂಟ್ ಸೈಕಲ್ಲೊಂದನ್ನು ಹಿಡಿದು ಪೆಟ್ರೋಲ್ ಡಬ್ಬಿಗಳೊಂದಿಗೆ ಕಾರಿದ್ದಲ್ಲಿಗೆ ಹೋಗಿ ತೂತನ್ನು ಮುಚ್ಚಿ ಮತ್ತೆ ಓಡಿಸಿದರು. ಅಷ್ಟಾದರೂ ನಾಲ್ಕನೆಯ ಸ್ಥಾನ! ಬೆಂಟ್ಲಿಯವರು ಅಂದಿನಿಂದ ಆ ಓಟದ ಭಕ್ತರಾದರು. 1924ರಲ್ಲಿ ಅದೇ ಜೋಡಿ ಪ್ರಥಮ ಸ್ಥಾನ ಪಡೆಯಿತು.

ಮುಂದಿನ ಎರಡು ವರ್ಷ ಸೋಲು. 1925ರಲ್ಲಿ ನಿಯಮದಂತೆ ಮೇಲ್ಹೊದಿಕೆ ಎಳೆದು ಓಡಬೇಕಾಗಿದ್ದ ಆರಂಭದ ಸುತ್ತುಗಳಲ್ಲಿ ಗಾಳಿಯ ತಡೆ ಹೆಚ್ಚಾಗಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಒಂದು ಕಾರು ದಾರಿಯಲ್ಲಿಯೇ ಬರಿದಾಗಿ ನಿಂತಿತು. 1927ರ ಕಥೆ ಮಾತ್ರ ಇಂದಿಗೂ ರೋಮಾಂಚನಗೊಳಿಸುತ್ತದೆ. ಸಂಜೆಯ ಮಬ್ಬಿನಲ್ಲಿ 'ವೈಟ್ ಹೌಸ್' ತಿರುವಿನ ಬಳಿ ಮೂರು ಬೆಂಟ್ಲಿಗಳೂ ಒಂದೇ ಅಪಘಾತದಲ್ಲಿ ಸಿಲುಕಿದವು. ಎರಡು ಅಲ್ಲಿಯೇ ಉಳಿದವು. ಮೂರನೆಯದು, 'ಓಲ್ಡ್ ನಂಬರ್ 7' ಎಂಬ ಮೂರು ಲೀಟರಿನ ಕಾರು, ಬಾಗಿದ ಮುಂದಿನ ಆಕ್ಸಲ್, ಸೊಟ್ಟಗಾದ ಷಾಸಿ, ಒಡೆದ ದೀಪದೊಂದಿಗೆ ರಾತ್ರಿಯಿಡೀ ತೆವಳಿ ಮರುದಿನ ಗೆದ್ದೇ ಬಿಟ್ಟಿತು. ಸ್ಯಾಮಿ ಡೇವಿಸ್ ಎಂಬ ಪತ್ರಕರ್ತರೂ ಬೆಂಜಾಫೀಲ್ಡ್ ಎಂಬ ವೈದ್ಯರೂ ಅದರ ಚಾಲಕರು. ಲಂಡನ್ನಿನ ಸೆವಾಯ್ ಹೋಟೆಲಿನಲ್ಲಿ ನಡೆದ ವಿಜಯದ ಔತಣಕ್ಕೆ ಆ ಜಜ್ಜಿಹೋದ ಕಾರನ್ನೇ ಅತಿಥಿಯಾಗಿ ಒಳಗೆ ಕರೆತರಲಾಯಿತು. 1928ರಲ್ಲಿ ನಾಲ್ಕೂವರೆ ಲೀಟರಿನ ಕಾರು ಷಾಸಿ ಬಿರುಕುಬಿಟ್ಟು, ರೇಡಿಯೇಟರಿನ ನೀರು ಸೋರಿಹೋದ ಸ್ಥಿತಿಯಲ್ಲಿ ಕೊನೆಯ ಸುತ್ತು ಮುಗಿಸಿ ಗೆದ್ದಿತು. ಎಂಜಿನ್ ಷಾಸಿಯನ್ನು ಮೀರಿ ಬೆಳೆಯತೊಡಗಿದೆ ಎಂಬ ಎಚ್ಚರಿಕೆಯೂ ಆ ಬಿರುಕಿನಲ್ಲಿ ಇತ್ತೆನ್ನಬಹುದು.

ಹೆಚ್ಚಿನ ಬಲ ಏಕೆ ಬೇಕಾಯಿತು? ಶ್ರೀಮಂತ ಗಿರಾಕಿಗಳು ಹಗುರವಾದ ಷಾಸಿಯನ್ನು ಕೊಂಡು ಅದರ ಮೇಲೆ ದಿವಾನಖಾನೆಯಂತಹ ಭಾರವಾದ ದೇಹವನ್ನು ಕಟ್ಟಿಸುತ್ತಿದ್ದುದೇ ಮುಖ್ಯ ಕಾರಣ. ಇದಕ್ಕೆ ಬೆಂಟ್ಲಿಯವರು ಕಂಡ ಪರಿಹಾರ ಸರಳವಾದುದು: ಎಂಜಿನ್ನಿನ ಗಾತ್ರವನ್ನೇ ಹಿಗ್ಗಿಸುವುದು, ನಿಧಾನವಾಗಿ ತಿರುಗಗೊಡುವುದು, ಅದಕ್ಕೆ ತಕ್ಕಂತೆ ಗೇರ್‌ಬಾಕ್ಸ್, ಆಕ್ಸಲ್, ಬ್ರೇಕುಗಳನ್ನು ಬಲಪಡಿಸುವುದು. ಆರು ಸಿಲಿಂಡರಿನ ಹೊಸ ಮಾದರಿಯನ್ನು ಅವರು ಮೊದಲು ನಾಲ್ಕೂಕಾಲು ಲೀಟರಿನಲ್ಲಿ ತಯಾರಿಸಿದ್ದರು. ಅದನ್ನು 1924ರಲ್ಲಿ ಫ್ರಾನ್ಸಿನ ರಸ್ತೆಗಳಲ್ಲಿ ಪರೀಕ್ಷಿಸುವಾಗ ಆಕಸ್ಮಿಕವಾಗಿ ರೋಲ್ಸ್ ರಾಯ್ಸ್‌ನ ಗುಪ್ತ ಪರೀಕ್ಷಾ ಕಾರೊಂದು ಎದುರಾಯಿತು. ಎರಡೂ ಸರಿಸಮನಾಗಿ ಓಡಿದವು. ಸರಿಸಮ ಸಾಲದೆಂದು ನಿರ್ಧರಿಸಿದ ಬೆಂಟ್ಲಿಯವರು ಊರಿಗೆ ಮರಳಿ ಎಂಜಿನ್ನನ್ನು ಆರೂವರೆ ಲೀಟರಿಗೆ ಏರಿಸಿದರು. ಇದರ ಕ್ಯಾಮ್‌ಶಾಫ್ಟನ್ನು ತಿರುಗಿಸಲು ಸರಪಳಿಯಿಲ್ಲ; ಮೂರು ಉದ್ದನೆಯ ದಂಡಗಳು ಉಗಿಬಂಡಿಯ ಚಕ್ರಗಳನ್ನು ಜೋಡಿಸುವ ದಂಡಗಳಂತೆ ಮೇಲೆ ಕೆಳಗೆ ಆಡುತ್ತಿದ್ದವು. ಡಾಂಕಾಸ್ಟರಿನ ಹುಡುಗ ಎಲ್ಲಿಯೂ ಹೋಗಿರಲಿಲ್ಲ.

ಈ ಕ್ರಮಕ್ಕೂ ಒಂದು ಬೆಲೆ ಇತ್ತು. ದೊಡ್ಡ ಎಂಜಿನ್ನಿಗೆ ದಪ್ಪ ಗೇರು, ದಪ್ಪ ಗೇರಿಗೆ ಗಟ್ಟಿ ಷಾಸಿ, ಗಟ್ಟಿ ಷಾಸಿಗೆ ದೊಡ್ಡ ಬ್ರೇಕು, ಕೊನೆಗೆ ಟಯರು ಮತ್ತು ಬೆಲೆ. ಫ್ರಾನ್ಸಿನ ಎತೋರೆ ಬುಗಾಟಿಯವರು ಬೆಂಟ್ಲಿಗಳನ್ನು ವೇಗದ ಲಾರಿಗಳೆಂದು ಗೇಲಿ ಮಾಡಿದರೆಂಬ ಮಾತು ಪ್ರಚಲಿತವಾಗಿದೆ. ಗೇಲಿಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಇಪ್ಪತ್ತನಾಲ್ಕು ಗಂಟೆಗಳ ನಂತರ ರಸ್ತೆಯ ಮೇಲೆ ಉಳಿದಿರುತ್ತಿದ್ದುದು ಲಾರಿಗಳೇ.

1926ರಲ್ಲಿ ದಕ್ಷಿಣ ಆಫ್ರಿಕದ ಕಿಂಬರ್ಲಿ ವಜ್ರದ ಗಣಿಗಳ ಸಂಪತ್ತಿನ ವಾರಸುದಾರ ವುಲ್ಫ್ ಬಾರ್ನಾಟೊ ಕಂಪನಿಯ ಹಿಡಿತವನ್ನು ಕೊಂಡುಕೊಂಡರು. ಬೆಂಟ್ಲಿಯವರು ತಮ್ಮದೇ ಹೆಸರಿನ ಸಂಸ್ಥೆಯಲ್ಲಿ ಇನ್ನು ಮುಂದೆ ಸಂಬಳದ ತಂತ್ರಜ್ಞ. ಬಾರ್ನಾಟೊ ಸ್ವತಃ ಅಸಾಧಾರಣ ಚಾಲಕರು. ಲ ಮಾನ್‌ನಲ್ಲಿ ಮೂರು ಬಾರಿ ಸ್ಪರ್ಧಿಸಿ ಮೂರು ಬಾರಿಯೂ ಗೆದ್ದವರು. ಆದರೆ ಅವರ ಸ್ನೇಹಿತ ವರ್ಗದಲ್ಲಿ ಸರ್ ಹೆನ್ರಿ 'ಟಿಮ್' ಬರ್ಕಿನ್ ಎಂಬ ಧೀರ ಯುವಕನಿದ್ದ. ಗಾತ್ರ ಹಿಗ್ಗಿಸುವ ನಿಧಾನದ ಮಾರ್ಗ ಅವನಿಗೆ ಒಗ್ಗಲಿಲ್ಲ. ನಾಲ್ಕೂವರೆ ಲೀಟರಿನ ಎಂಜಿನ್ನಿಗೆ ಆಮ್‌ಹರ್ಸ್ಟ್ ವಿಲಿಯರ್ಸ್ ವಿನ್ಯಾಸದ ಸೂಪರ್‌ಚಾರ್ಜರನ್ನು ಅಳವಡಿಸಿ, ಗಾಳಿಯನ್ನೂ ಪೆಟ್ರೋಲನ್ನೂ ಒತ್ತಡದಿಂದ ತುಂಬಿ, 110 ಅಶ್ವಶಕ್ತಿಯ ಎಂಜಿನ್ನಿನಿಂದ ಓಟದ ಕಾರಿನಲ್ಲಿ 240ರಷ್ಟು ಹೊರಡಿಸುವುದು ಅವನ ಯೋಜನೆ. ಡೊರೊಥಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಹಣ ಒದಗಿಸಿದರು.

ಬೆಂಟ್ಲಿಯವರು ಇದನ್ನು ಬಲವಾಗಿ ವಿರೋಧಿಸಿದರು. ಒಂದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್, ಬೇರಿಂಗ್, ಪಿಸ್ಟನ್ನುಗಳೆಲ್ಲ ಒಂದು ಗೊತ್ತಾದ ಒತ್ತಡಕ್ಕೆ ಲೆಕ್ಕ ಹಾಕಿ ಮಾಡಿದವು. ಅದರ ಮೇಲೆ ಹೊರಗಿನಿಂದ ಒತ್ತಡ ಹೇರಿದರೆ ಎಂಜಿನ್ನಿನಲ್ಲಿ ಹಾಗೂ ಅದರ ಮುಂದಿನ ಸರಣಿಯಲ್ಲಿ ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ ಎಂಬುದು ಅವರ ನಿಲುವು. ಬಾರ್ನಾಟೊ ಬರ್ಕಿನ್‌ನ ಪಕ್ಷ ವಹಿಸಿದರು. ಲ ಮಾನ್ ನಿಯಮದ ಪ್ರಕಾರ ಸ್ಪರ್ಧಿಸಲು ಅಂತಹ 50 ಕಾರುಗಳನ್ನು ಸಾರ್ವಜನಿಕರ ಮಾರಾಟಕ್ಕೆ ತಯಾರಿಸಬೇಕಾಗಿತ್ತು. ಹೀಗೆ ತಾವು ಒಪ್ಪದ ಕಾರನ್ನು ತಮ್ಮ ಹೆಸರಿನಲ್ಲಿಯೇ ಕಾರ್ಖಾನೆಯಿಂದ ಹೊರತರಬೇಕಾದ ಸಂಕಟ ಅವರದಾಯಿತು. ಎಂಜಿನ್ನಿನ ಒಳಭಾಗಗಳನ್ನು ಬಲಪಡಿಸದೆ ಬೇರೆ ದಾರಿಯಿರಲಿಲ್ಲ. ರೇಡಿಯೇಟರಿನ ಮುಂದೆ ಸೂಪರ್‌ಚಾರ್ಜರ್ ಚಾಚಿಕೊಂಡಿರುವ ಆ 'ಬ್ಲೋಅರ್ ಬೆಂಟ್ಲಿ' ಇಂದು ಜಗತ್ತಿನ ಅತ್ಯಂತ ಪ್ರಸಿದ್ಧ ಹಳೆಯ ಕಾರುಗಳಲ್ಲಿ ಒಂದು.

1929ರ ಲ ಮಾನ್‌ನಲ್ಲಿ ಸೂಪರ್‌ಚಾರ್ಜರಿಲ್ಲದ ಬೆಂಟ್ಲಿಗಳು ಮೊದಲ ನಾಲ್ಕು ಸ್ಥಾನಗಳನ್ನೂ ಬಾಚಿಕೊಂಡವು. ಮೊದಲನೆಯದು ಆರೂವರೆ ಲೀಟರಿನ 'ಸ್ಪೀಡ್ ಸಿಕ್ಸ್'. 1930ರಲ್ಲಿ ವಾದಕ್ಕೆ ತೀರ್ಪು ಬೀಳುವ ಗಳಿಗೆ ಬಂತು. ಒಂದೆಡೆ ಜರ್ಮನಿಯ ರುಡಾಲ್ಫ್ ಕಾರಾಚಿಯೋಲಾ ಅವರ ಸೂಪರ್‌ಚಾರ್ಜ್ ಮಾಡಿದ ಬೃಹತ್ ಮರ್ಸಿಡಿಸ್, ಇನ್ನೊಂದೆಡೆ ಬರ್ಕಿನ್ ತಂಡದ ಬ್ಲೋಅರುಗಳು, ಜತೆಗೆ ಕಾರ್ಖಾನೆಯ ಸ್ಪೀಡ್ ಸಿಕ್ಸ್‌ಗಳು. ಬರ್ಕಿನ್ ಹುಚ್ಚು ವೇಗದಲ್ಲಿ ಬೆನ್ನಟ್ಟಿ, ಟಯರಿನ ಮೇಲ್ಪದರ ಕಿತ್ತು ಹಾರುತ್ತಿದ್ದರೂ ಲೆಕ್ಕಿಸದೆ ಮರ್ಸಿಡಿಸನ್ನು ದಾಟಿದ. ನೋಡಿದವರು ಅದನ್ನು ಜನ್ಮದಲ್ಲಿ ಮರೆತಿರಲಾರರು. ರಾತ್ರಿ ಕಳೆಯುವಷ್ಟರಲ್ಲಿ ಮರ್ಸಿಡಿಸ್ ವಿದ್ಯುತ್ ವ್ಯವಸ್ಥೆ ಕೆಟ್ಟು ನಿಂತಿತು. ಓಡಿದ ಎರಡೂ ಬ್ಲೋಅರುಗಳು ಎಂಜಿನ್ ಕೆಟ್ಟು ಹಿಂದೆ ಸರಿದವು. ಸ್ಪೀಡ್ ಸಿಕ್ಸ್‌ಗಳು ಮೊದಲ ಎರಡು ಸ್ಥಾನಗಳಲ್ಲಿ ಶಾಂತವಾಗಿ ಓಟ ಮುಗಿಸಿದವು. ಬ್ಲೋಅರಿನ ಶಕ್ತಿಯೇನೋ ಸುಳ್ಳಲ್ಲ. ಅದೇ ವರ್ಷ ಪೋ ನಗರದಲ್ಲಿ ನಡೆದ ಫ್ರೆಂಚ್ ಗ್ರಾಂಪ್ರಿಯಲ್ಲಿ ಬರ್ಕಿನ್ ಬುಗಾಟಿಗಳ ಮಧ್ಯೆ ಎರಡನೆಯ ಸ್ಥಾನ ಪಡೆದ. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಗಂಟೆಗೆ ಸುಮಾರು 222 ಕಿ.ಮೀ. ವೇಗದ ದಾಖಲೆಯನ್ನೂ ಸ್ಥಾಪಿಸಿದ. ಆದರೆ ದೀರ್ಘ ಓಟದ ದೊಡ್ಡ ಗೆಲುವೊಂದೂ ಆ ಕಾರಿಗೆ ದಕ್ಕಲಿಲ್ಲ.

ತೀರ್ಪು ಬೆಂಟ್ಲಿಯವರ ಕಡೆಗೆ ಬಂದರೂ ಕಾಲ ಅವರ ಕಡೆಗಿರಲಿಲ್ಲ. 1930ರ ಅವರ 'ಎಂಟು ಲೀಟರ್' ಕಾರು ಅವರ ವಿಚಾರದ ಪರಿಪಕ್ವ ಫಲ: ಎಂಜಿನ್ನಿಗೆ ಸರಿದೂಗುವ ಹೊಸ ಗೇರ್‌ಬಾಕ್ಸ್, ಹೊಸ ಷಾಸಿ, ಯಾವ ದೇಹ ಹೊತ್ತರೂ ಗಂಟೆಗೆ ನೂರು ಮೈಲಿ. ಬರಿಯ ಷಾಸಿಗೇ 1,850 ಪೌಂಡ್. ವಿಶ್ವದ ಆರ್ಥಿಕ ಕುಸಿತದ ನಡುವೆ ಅದನ್ನು ಕೊಳ್ಳುವವರೆಷ್ಟು ಮಂದಿ? ನೂರು ಕಾರುಗಳಷ್ಟೇ ತಯಾರಾದವು. ಆತಂಕಗೊಂಡ ಆಡಳಿತ ಮಂಡಳಿ ಬೆಂಟ್ಲಿಯವರ ಇಚ್ಛೆಗೆ ವಿರುದ್ಧವಾಗಿ, ಎಂಟು ಲೀಟರಿನ ಅದೇ ಭಾರವಾದ ಷಾಸಿಯನ್ನು ಮೊಟಕುಗೊಳಿಸಿ ಅದಕ್ಕೆ 120 ಅಶ್ವಶಕ್ತಿಯ ನಾಲ್ಕು ಲೀಟರಿನ ಎಂಜಿನ್ನನ್ನು ಕೂಡಿಸಿತು. ಬ್ಲೋಅರಿನಲ್ಲಿ ಎಂಜಿನ್ ಮೀರಿತ್ತು. ಇಲ್ಲಿ ಆನೆಯ ಮೈಗೆ ಕುರಿಯ ಗುಂಡಿಗೆ. ಐವತ್ತರಷ್ಟು ಕಾರುಗಳಾಗುವಾಗ ಕಥೆ ಮುಗಿಯಿತು.

1931ರ ಬೇಸಗೆಯಲ್ಲಿ ಅಡಮಾನದ ಕಂತು ಕಟ್ಟಬೇಕಾಯಿತು, ಬಾರ್ನಾಟೊ ಇನ್ನು ಹಣ ಹಾಕಲೊಲ್ಲೆನೆಂದರು, ನ್ಯಾಯಾಲಯದಿಂದ ರಿಸೀವರ್ ನೇಮಕವಾಯಿತು. ನೇಪಿಯರ್ ಸಂಸ್ಥೆ ಕಂಪನಿಯನ್ನು ಕೊಳ್ಳುವುದೆಂದೂ, ಬೆಂಟ್ಲಿಯವರು ಅಲ್ಲಿ ಹೊಸ ಕಾರು ರೂಪಿಸುವರೆಂದೂ ಬಹುತೇಕ ನಿಶ್ಚಯವಾಗಿತ್ತು. ಕೊನೆಯ ಗಳಿಗೆಯಲ್ಲಿ ಯಾರೂ ಹೆಸರು ಕೇಳದ ಟ್ರಸ್ಟೊಂದು ಸುಮಾರು ಒಂದೂಕಾಲು ಲಕ್ಷ ಪೌಂಡಿನ ಮುಚ್ಚಿದ ಲಕೋಟೆ ಒಪ್ಪಿಸಿ ಗೆದ್ದಿತು. ಅದರ ಹಿಂದೆ ಇದ್ದುದು ರೋಲ್ಸ್ ರಾಯ್ಸ್ ಎಂಬುದು ಆಮೇಲಷ್ಟೇ ತಿಳಿಯಿತು. ಹೆಸರು, ಪೇಟೆಂಟುಗಳು, ಬೆಂಟ್ಲಿಯವರ ಸೇವಾ ಕರಾರು, ಎಲ್ಲವೂ ಮಾರಾಟವಾದ ಆಸ್ತಿಯಲ್ಲಿ ಸೇರಿದ್ದವು. ಅದೇ ವರ್ಷ ಅವರ ಎರಡನೆಯ ವಿವಾಹವೂ ವಿಚ್ಛೇದನದಲ್ಲಿ ಕೊನೆಗೊಂಡಿತು. ಹನ್ನೆರಡು ವರ್ಷಗಳಲ್ಲಿ ಸುಮಾರು ಮೂರು ಸಾವಿರ ಕಾರುಗಳನ್ನು ಕಟ್ಟಿದ ಮನುಷ್ಯ ಮುಂದಿನ ಕೆಲವು ವರ್ಷ ಪ್ರತಿಸ್ಪರ್ಧಿಯ ಸಂಸ್ಥೆಯಲ್ಲಿ ಕಾರುಗಳನ್ನು ಓಡಿಸಿ ನೋಡಿ ವರದಿ ಬರೆಯುತ್ತಾ, ವಿನ್ಯಾಸದಲ್ಲಿ ಪಾಲಿಲ್ಲದೆ ಕಳೆದರು.

1935ರಲ್ಲಿ ಕರಾರು ಮುಗಿದಾಗ ಅವರು ಲಗೋಂಡ ಕಂಪನಿಗೆ ತಾಂತ್ರಿಕ ಮುಖ್ಯಸ್ಥರಾಗಿ ಹೋದರು. ಅಲ್ಲಿ ಅವರ ನೇತೃತ್ವದಲ್ಲಿ ಹನ್ನೆರಡು ಸಿಲಿಂಡರಿನ, ನಾಲ್ಕೂವರೆ ಲೀಟರಿನ, 180 ಅಶ್ವಶಕ್ತಿಯ ಅತ್ಯಂತ ನಯವಾದ ಎಂಜಿನ್ ರೂಪುಗೊಂಡಿತು. ಹಳೆಯ ದೀರ್ಘ ಹೊಡೆತ, ನಿಧಾನದ ತಿರುಗುವಿಕೆಯನ್ನು ಬಿಟ್ಟು, ನಿಮಿಷಕ್ಕೆ 5,500 ಸುತ್ತು ತಿರುಗುವ ಎಂಜಿನ್ ಇದು. ಬಾಳಿಕೆಯ ಪಕ್ಷಪಾತಿಗಳು ಹಳೆಯದಕ್ಕೇ ಅಂಟಿಕೊಳ್ಳುವವರೆಂದು ತಿಳಿಯಬೇಕಾಗಿಲ್ಲ. 1939ರ ಲ ಮಾನ್‌ಗೆ ಎರಡು ಕಾರುಗಳನ್ನು ಅವಸರದಲ್ಲಿ ಸಿದ್ಧಗೊಳಿಸಬೇಕಾಯಿತು. ಮೊದಲೇ ನಿಗದಿಪಡಿಸಿದ ವೇಗವನ್ನು ಮೀರಬಾರದೆಂದು ಚಾಲಕರಿಗೆ ಅವರ ಆದೇಶ. ಮೂರನೆಯ ಮತ್ತು ನಾಲ್ಕನೆಯ ಸ್ಥಾನಗಳು ದೊರೆತವು. ತುಸು ಸಡಿಲಗೊಳಿಸಿದ್ದರೆ ಗೆಲ್ಲುತ್ತಿದ್ದರೋ ಏನೋ. ಮರುವರ್ಷ ನೋಡೋಣವೆನ್ನುವಷ್ಟರಲ್ಲಿ ಮತ್ತೊಂದು ಮಹಾಯುದ್ಧ ಬಂದೆರಗಿತು.

ಯುದ್ಧಾನಂತರದ ಲಗೋಂಡಕ್ಕಾಗಿ ಬೆಂಟ್ಲಿಯವರ ಮೇಲ್ವಿಚಾರಣೆಯಲ್ಲಿ 2.6 ಲೀಟರಿನ ಆರು ಸಿಲಿಂಡರಿನ ಎಂಜಿನ್ನೊಂದು ತಯಾರಾಯಿತು. 1947ರಲ್ಲಿ ಆ ಕಂಪನಿಯನ್ನು ಡೇವಿಡ್ ಬ್ರೌನ್ ಕೊಂಡುಕೊಂಡರು. ಬ್ರೌನರ ಮನೆತನದ ಕಸುಬೇ ಹಲ್ಲುಚಕ್ರ, ಗೇರ್‌ಬಾಕ್ಸುಗಳ ತಯಾರಿಕೆ ಎಂಬುದು ಎಂತಹ ಯೋಗಾಯೋಗ! ಬೆಂಟ್ಲಿಯವರ ಎಂಜಿನ್, ಬ್ರೌನರ ಗೇರ್‌ಬಾಕ್ಸ್ ಎರಡೂ ಸೇರಿ 1950ರ ಆಸ್ಟನ್ ಮಾರ್ಟಿನ್ ಡಿ.ಬಿ.2 ಆಯಿತು. ಅದೇ ಎಂಜಿನ್ನನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುತ್ತಾ ಆ ಕಂಪನಿ ಸುಮಾರು ಒಂದು ದಶಕ ಕಾಲ ಬಳಸಿತು.

ಬೆಂಟ್ಲಿಯವರ ಕೊನೆಯ ವರ್ಷಗಳು ಸರ್ರೆ ಪ್ರಾಂತ್ಯದ ಶ್ಯಾಮ್ಲಿ ಗ್ರೀನ್ ಎಂಬ ಹಳ್ಳಿಯಲ್ಲಿ, 1934ರಲ್ಲಿ ವಿವಾಹವಾದ ಪತ್ನಿ ಮಾರ್ಗರೆಟ್ ಅವರೊಂದಿಗೆ ನೆಮ್ಮದಿಯಿಂದ ಕಳೆದವು. ಓಡಾಟಕ್ಕೆ ಮಾರಿಸ್ ಮೈನರ್ ಎಂಬ ಪುಟ್ಟ ಕಾರು ಸಾಕಾಗಿತ್ತು. ಹಳೆಯ ಬೆಂಟ್ಲಿಗಳ ಮಾಲಿಕರು ಕಟ್ಟಿಕೊಂಡ ಕ್ಲಬ್ಬು ಅವರನ್ನು ಪೋಷಕರನ್ನಾಗಿ ಮಾಡಿಕೊಂಡು ಗೌರವಿಸಿತು. 1971ರ ಆಗಸ್ಟ್ 13ರಂದು, 82ರ ವಯಸ್ಸಿನಲ್ಲಿ, ಮಕ್ಕಳಿಲ್ಲದ ಅವರು ಕೊನೆಯುಸಿರೆಳೆದರು. ಅವರ ಕಾರುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ.

ಬೆಂಟ್ಲಿ ಎಂಬ ಹೆಸರು 1998ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಮೂಹದ ಪಾಲಾಯಿತು. 2003ರಲ್ಲಿ ಅದೇ ಹೆಸರಿನ ಕಾರು ಲ ಮಾನ್‌ನಲ್ಲಿ ಮತ್ತೆ ಗೆದ್ದಿತು. 2019ರಲ್ಲಿ ಶತಮಾನೋತ್ಸವ ಆಚರಿಸಿದ ಕಂಪನಿ, ಹಳೆಯ ಕಾರೊಂದನ್ನು ಮೂಲದಂತೆಯೇ ಹೊಸದಾಗಿ ತಯಾರಿಸಿ ಹನ್ನೆರಡು ಮಂದಿ ಗಿರಾಕಿಗಳಿಗೆ ಮಾರುವುದಾಗಿ ಪ್ರಕಟಿಸಿತು. ಬರ್ಕಿನ್ ತಂಡದ ಕಾರೊಂದನ್ನು ಪೂರ್ತಿ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ಲೇಸರಿನಿಂದ ಅಳೆದು, ಮತ್ತೆ ಜೋಡಿಸಲಾಯಿತು. ಶತಮಾನದ ನೆನಪಿಗೆಂದು ಅವರು ಆರಿಸಿಕೊಂಡದ್ದು ಡಬ್ಲ್ಯು. ಓ. ಬೇಡವೆಂದಿದ್ದ ಆ ಬ್ಲೋಅರನ್ನೇ.